ಒಂದು ಚಿಟಿಕೆ ಸಕ್ಕರೆಯ ಒಪ್ಪಿಗೆ

ಮಿಸ್ತ್ರಿ ಕಾಕಾರ ಬಲಗೈಯ ತೋರುಬೆರಳು ಬಾಗುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗಲೂ ಉಳಿದ ಬೆರಳುಗಳು ಹಿಡಿಕೆಯನ್ನು ಸುತ್ತಿಕೊಂಡಿದ್ದವು. ಅದೊಂದು ಮಾತ್ರ ನೆಟ್ಟಗೆ ಹೊರಗೆ ಚಾಚಿಕೊಂಡು, ಯಾರಿಗೋ ದಾರಿ ತೋರಿಸುವಂತಿತ್ತು. ನಾನು ಎದುರಿನ ನಮ್ಮ ಕಟ್ಟೆ ತೊಳೆದು ರಂಗೋಲಿ ಹಾಕುತ್ತಿದ್ದೆ. ನಳಕ್ಕೆ ನೀರು ಬಂದ ದಿನವಾದ್ದರಿಂದ ಓಣಿಯ ತುಂಬ ಕೊಡಗಳ ಸದ್ದು. ಅದರ ಹಿಂದೆ ಯಾವತ್ತಿನ ಹಾಗೆ ಮಗ್ಗಗಳ ಖಟಖಟ. ಜಮಖಂಡಿಯಿಂದ ಬನಹಟ್ಟಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಆ ಸದ್ದಿಗೆ ನನಗೆ ತಲೆನೋವು ಬರುತ್ತಿತ್ತು. ಈಗ ಕರೆಂಟು ಹೋಗಿ ಮಗ್ಗ ನಿಂತರೆ ಏನೋ ಮರೆತವಳ ಹಾಗೆ ಸುತ್ತ ನೋಡುತ್ತೇನೆ.

ಕಾಕಾ ಊದಿನಕಡ್ಡಿ ಹಚ್ಚಿದರು. ರಿಪೇರಿಗೆ ಬಂದ ಫೋನುಗಳನ್ನು ಗಾಜಿನ ಕಪಾಟಿನಲ್ಲಿ ಸಾಲಾಗಿ ಮಲಗಿಸಿದರು. ಆಮೇಲೆ ಗಲ್ಲೆಯ ಪಕ್ಕದ ಸ್ಟೀಲಿನ ಡಬ್ಬಿಯ ಮುಚ್ಚಳ ತೆಗೆದು ಇಣುಕಿ ನನ್ನತ್ತ ಕೂಗಿದರು.

"ಯವ್ವಾ, ಸಕ್ಕರಿ ತಳಾ ಕಂಡೇತಿ. ಒಂದ ಬಟ್ಲ ಕೊಡ್ತೀಯೇನು? ಇವತ್ತ ಎಷ್ಟ ಮಂದಿ ಒಪ್ತಾರೋ, ಯಾರಿಗ್ಗೊತ್ತು."

ಕೊಟ್ಟು ಬಂದೆ. ಅದೇ ಕೊನೆಯ ಮಾತಾಗುತ್ತದೆ ಎಂದು ಗೊತ್ತಿದ್ದರೆ ಇನ್ನೊಂದು ಗಳಿಗೆ ನಿಲ್ಲುತ್ತಿದ್ದೆನೋ ಏನೋ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ, ಓಡಿದೆ. ಊಟದ ಹೊತ್ತಿಗೆ ಅವರ ಮನೆಯಾಕೆ ಕರೆಯಲು ಹೋದಾಗ ಕಾಕಾ ಸ್ಟೂಲಿನ ಮೇಲೆ ಕೂತಲ್ಲೇ ಗೋಡೆಗೆ ಒರಗಿದ್ದರಂತೆ. ಕೈಯಲ್ಲಿ ಯಾರದೋ ಫೋನು, ಬಿಚ್ಚಿದ್ದು ಹಾಗೇ ಇತ್ತು.

ಅವರು ಮೊದಲು ಮಗ್ಗದ ಮಿಸ್ತ್ರಿ. ನಮ್ಮ ಮಾವನವರ ಪವರ್‌ಲೂಮುಗಳು ಕೆಟ್ಟರೆ ಅವರೇ ಬರಬೇಕು. ಒಮ್ಮೆ ಓಡುವ ಮಗ್ಗದಿಂದ ಲಾಳಿ ಹಾರಿ ಬಂದು ಬೆರಳಿಗೆ ಬಡಿದಿತ್ತು. ಅಂದಿನಿಂದ ಅದು ಹಾಗೇ ನಿಂತುಬಿಟ್ಟಿತು. ಮಗ್ಗಗಳ ನಡುವೆ ಬದುಕಿದ್ದಕ್ಕೆ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರ್ಧ. ಅವರಿಗೆ ಏನಾದರೂ ಹೇಳಬೇಕಾದರೆ ಸುತ್ತು ಹಾಕಿ ಎಡಕ್ಕೆ ಬರಬೇಕಿತ್ತು. ವಯಸ್ಸಾದ ಮೇಲೆ ಮಗ್ಗದ ಕೆಲಸ ಬಿಟ್ಟು ಎದುರಿನ ಕೋಣೆಯಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಇಟ್ಟರು. ಓಣಿಯವರೆಲ್ಲ ನಕ್ಕಿದ್ದರು. "ಅಲ್ಲೋ ಮಿಸ್ತ್ರಿ, ಅದಕ್ಕ ಎಣ್ಣಿ ಬಿಡೂದು ಎಲ್ಲಿ?" ಎಂದು ಕೇಳಿದವರೂ ಉಂಟು. ಅವರು ಯಾರದೋ ಹತ್ತಿರ ಕೂತು ಕಲಿತರು. ಪರದೆ ಹಾಕುವುದು, ಬ್ಯಾಟರಿ ಬದಲಿಸುವುದು, ಹೊಸ ಆಪ್ ಇಳಿಸಿಕೊಡುವುದು, ಇಷ್ಟು ಬರುತ್ತಿತ್ತು. ಅದಕ್ಕಿಂತ ಆಚೆಯದು ಬಂದರೆ "ಇದು ನನಗ ತಿಳೀವಲ್ದು, ಬಸ್‌ಸ್ಟ್ಯಾಂಡ್ ಕಡಿ ಹೋಗ್ರಿ" ಎಂದು ಕಳಿಸಿಬಿಡುತ್ತಿದ್ದರು.

ತಿಳಿಯದ ವಿಷಯದಲ್ಲೂ ಅಭಿಪ್ರಾಯಗಳು ಮಾತ್ರ ಬೇಕಾದಷ್ಟಿದ್ದವು. ಬಹಳ ಆಪ್ ಹಾಕಿದರೆ ಫೋನು ಒಜ್ಜೆಯಾಗುತ್ತದೆ ಎಂದು ಗಟ್ಟಿಯಾಗಿ ನಂಬಿದ್ದರು. ಅಂಗೈಯಲ್ಲಿ ಫೋನು ತೂಗಿ ನೋಡಿ "ತಗಿ, ಒಂದ ನಾಕ ತಗಿ" ಅನ್ನುತ್ತಿದ್ದರು. ಕ್ಲೌಡ್ ಅಂದರೇನು ಎಂದು ನನ್ನ ಮಗಳು ಅವರಿಗೆ ವಿವರಿಸಿದಾಗ ಪೂರ್ತಿ ಕೇಳಿ, "ಅಂದ್ರ ಮೋಡಾ ಅಲ್ಲ, ಯಾರದೋ ಮನಿ ಕಪಾಟು. ಕೀಲಿ ಅವನ ಕಡೆ. ಹೌದಿಲ್ಲೋ?" ಎಂದರು. ಬ್ಯಾಂಕಿನಲ್ಲಿ ಸರ್ವರ್ ಡೌನ್ ಎಂದು ವಾಪಸು ಕಳಿಸಿದ ದಿನ ಸಿಟ್ಟು ಮಾಡದೆ ಬಂದು ಮೆಚ್ಚಿ ಮಾತಾಡಿದರು. "ಛಲೋ ಹುಡುಕ್ಯಾರ ನೋಡು. ಕ್ಲರ್ಕ್ ಬಂದಿಲ್ಲಾ ಅಂದ್ರ ಕ್ಲರ್ಕಿಗೆ ಬೈತೀವಿ. ಸರ್ವರ್ ಯಾವ ಊರಾಂವ, ಯಾರ ಮಗಾ, ಯಾರಿಗೆ ಗೊತ್ತು?"

ಹಾಗೆಂದು ಯಂತ್ರಗಳ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಬಿಚ್ಚಿದ ಫೋನಿನ ಒಳಗನ್ನು ಬೆಳಕಿಗೆ ಹಿಡಿದು, ಮಗುವಿನ ಕಿವಿ ನೋಡುವ ಹಾಗೆ ನೋಡುತ್ತಿದ್ದರು. ಅವರ ತಕರಾರಿದ್ದದ್ದು ಒಂದೇ ಕಡೆ: ಆಪ್ ಹಾಕುವಾಗ ಪರದೆಯ ಮೇಲೆ ಬರುವ ಆ ಚೌಕ, ಅದರ ಕೆಳಗೆ 'ನನ್ನ ಒಪ್ಪಿಗೆ ಇದೆ' ಅನ್ನುವ ಬಟನ್.

ನಮ್ಮ ಕಡೆ ಹೆಣ್ಣು ಗಂಡು ಗೊತ್ತು ಮಾಡುವಾಗ ಎರಡೂ ಕಡೆಯ ಹಿರಿಯರು ಕೂತು, ಎಲ್ಲರ ಬಾಯಿಂದಲೂ ಒಪ್ಪಿಗೆ ಅನ್ನಿಸಿ, ಸಕ್ಕರೆ ಹಂಚುತ್ತಾರೆ. ಸಕ್ಕರೆ ಬಾಯಿಗೆ ಬಿದ್ದ ಮೇಲೆ ಮಾತು ತಿರುಗಿಸುವಂತಿಲ್ಲ. ಕಾಕಾ ಈ ಪದ್ಧತಿಯನ್ನು ತಮ್ಮ ಅಂಗಡಿಗೆ ತಂದಿದ್ದರು. ಆ ಚೌಕ ಬಂತೆಂದರೆ ಕೆಲಸ ನಿಲ್ಲಿಸಿ, ಫೋನನ್ನು ಗಿರಾಕಿಯ ಕಡೆ ತಿರುಗಿಸಿ, ಬಾಗದ ಬೆರಳನ್ನು ಎತ್ತಿ ಹಿಡಿದು ಕೇಳುತ್ತಿದ್ದರು.

"ಒತ್ತಲೇನ್ರಿ? ಬಾಯಿ ಬಿಟ್ಟ ಹೇಳ್ರಿ."

ಗಿರಾಕಿ 'ಒಪ್ಪಿಗಿ' ಅನ್ನಬೇಕು. ಆಗ ಅಂಗೈಗೆ ಒಂದು ಚಿಟಿಕೆ ಸಕ್ಕರೆ ಬೀಳುತ್ತಿತ್ತು. ಆಮೇಲೆ ಬೆರಳು ಕೆಳಗಿಳಿಯುತ್ತಿತ್ತು. ಗಡಿಬಿಡಿಯವರಿಗೆ ಇದು ಕಿರಿಕಿರಿ. ಕಾಲೇಜಿಗೆ ಹೊರಟಿದ್ದ ಹುಡುಗಿಯೊಬ್ಬಳು ಬಸ್ಸು ಹೋಗುತ್ತದೆಂದು ಕುಣಿಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

"ಲಗೂನ ಒತ್ರಿ ಕಾಕಾ! ಏನ್ ಲಗ್ನಾ ಮಾಡಾಕತ್ತೀರೇನು?"

"ಲಗ್ನಕ್ಕಾದ್ರ ನಿನ್ನ ಕಡಿ ನಾಕ ಮಂದಿ ಹಿರೇರು ಕೂತಿರ್ತಾರವಾ. ಇಲ್ಲಿ ನಾ ಒಬ್ಬನ ಅದೇನಿ. ಕೈ ಹಿಡಿ."

ಇಂಗ್ಲಿಷಿನಲ್ಲಿ ಉದ್ದುದ್ದ ಬರೆದಿದ್ದರೆ ನನ್ನನ್ನು ಕರೆಯುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರ್ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿಸಿ, ಪೂರ್ಣವಿರಾಮಕ್ಕೆ ಉಸಿರು ಬಿಡಿಸುತ್ತಿದ್ದರು. ಆ ಓದು ಎಷ್ಟೋ ವರ್ಷ ರೊಟ್ಟಿಯ ಹಿಟ್ಟಿನಡಿ ಸುಮ್ಮನೆ ಬಿದ್ದಿತ್ತು. ಕಾಕಾರ ಅಂಗಡಿಯಲ್ಲಿ ಅದಕ್ಕೆ ಮತ್ತೆ ಗಾಳಿಯಾಡಿತು. ನಾನು ಕೈ ಒರೆಸಿಕೊಂಡು ಹೋಗಿ, ಅವರ ಎಡಕ್ಕೆ ನಿಂತು ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಬ್ಯಾಟರಿ ಬೆಳಕಿನ ಆಪ್ ಒಂದು ಫೋನಿನಲ್ಲಿರುವ ಎಲ್ಲರ ನಂಬರು ಕೇಳಿದಾಗ ಅವರು ಕನ್ನಡಕ ಹಣೆಗೇರಿಸಿ, "ಬೆಳಕ ಬಿಡಾಕ ಇವಂಗ ನನ್ನ ಬೀಗರ ನಂಬರ್ ಯಾಕ ಬೇಕ?" ಎಂದಿದ್ದರು. ಎಲ್ಲ ಒಪ್ಪಂದಗಳ ಕೊನೆಗೂ ಒಂದು ಮಾತು ಬಂದೇ ಬರುತ್ತಿತ್ತು. ಯಾವುದೇ ನಷ್ಟಕ್ಕೆ ನಾವು ಜವಾಬ್ದಾರರಲ್ಲ. ಅದನ್ನು ನಾನು ಓದುವ ಮೊದಲೇ ಅವರು ಹೇಳಿಬಿಡುತ್ತಿದ್ದರು. "ಮಗ್ಗಾ ರಿಪೇರಿ ಮಾಡಿ ನಾ ಹಿಂಗ ಅಂದಿದ್ರ ನಿಮ್ಮ ಮಾವ ನನ್ನ ಕಟ್ಟಿ ಹತ್ತಗೊಡ್ತಿರಲಿಲ್ಲ."

ಇಂಥ ಮನುಷ್ಯನ ಕೈಯಿಂದಲೇ ನಮ್ಮ ಮನೆಯ ಫೋನಿನಲ್ಲಿ ಆ ನಷ್ಟ ಆಯಿತು.

ನಮ್ಮ ಅತ್ತೆಯವರು ಹಾಡುಗಾರ್ತಿ. ಸುತ್ತಲಿನ ಊರುಗಳಲ್ಲಿ ಬಳಗದವರ ಮದುವೆ, ತೊಟ್ಟಿಲು ಏನಿದ್ದರೂ ಅವರ ಸೋಬಾನೆ ಇಲ್ಲದೆ ಆರತಿ ಏಳುತ್ತಿರಲಿಲ್ಲ. ಹಾಡಿನಷ್ಟೇ ಜೋರು ಬೈಗುಳವೂ. ಒಂದು ದಿನ ಲಕ್ವ ಹೊಡೆದು ಬಲಗೈ ಬಿತ್ತು, ಜೊತೆಗೆ ಮಾತೂ ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಕೋಲು ಹಿಡಿದು ಓಡಾಡುವಷ್ಟಾದರು. ಬಾಯಿಂದ ಮಾತ್ರ ಒಂದು ಶಬ್ದ ಹೊರಡಲಿಲ್ಲ. ಪುಣ್ಯಕ್ಕೆ ಅದಕ್ಕೂ ಮೊದಲು ನನ್ನ ಮಗಳು ಅವರ ಹಾಡುಗಳನ್ನು ಫೋನಿನ ಒಂದು ಆಪಿನಲ್ಲಿ ತುಂಬಿಟ್ಟಿದ್ದಳು. ಅತ್ತೆ ದಿನಾ ಸಂಜೆ ಬೀದಿಯ ಕಿಟಕಿಯ ಹತ್ತಿರ ಕೂತು ತಮ್ಮ ದನಿಯನ್ನು ತಾವೇ ಕೇಳುತ್ತಿದ್ದರು. ಹಾಡು ಹರಿಯುವಾಗ ಅವರ ತುಟಿಗಳು ಅಲುಗಾಡುತ್ತಿದ್ದವು. ಆ ಹೊತ್ತಿನಲ್ಲಿ ನಾನು ಒಳಗೆ ಹೋಗಿ ಅವರನ್ನು ಏನೂ ಕೇಳುತ್ತಿರಲಿಲ್ಲ.

ನಾನು ತವರಿಗೆ, ಅಣ್ಣನ ಮನೆಯ ವಾಸ್ತುಶಾಂತಿಗೆ ಹೋಗಿದ್ದ ದಿನ ಅದು. ಫೋನಿನಲ್ಲಿ ಹಾಡು ಬರಲಿಲ್ಲ. ಅದರ ಬದಲು ಆ ಚೌಕ ಬಂತು. ಹೊಸ ಕರಾರಿಗೆ ಒಪ್ಪಿದರೆ ಮಾತ್ರ ಮುಂದಕ್ಕೆ. ಅತ್ತೆ ಕೋಲೂರಿಕೊಂಡು ರಸ್ತೆ ದಾಟಿ ಕಾಕಾರ ಅಂಗಡಿಗೆ ಹೋದರು. ಮುಂದಿನದನ್ನು ಕಾಕಾ ಅದೇ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ನಮ್ಮ ಬಾಗಿಲಿಗೆ ಬಂದು ತಾವೇ ಹೇಳಿದರು.

"ಯವ್ವಾ, ನನ್ನಿಂದ ಒಂದ ತಪ್ಪಾಗೇತಿ. ಇಂಗ್ಲಿಷ್ನ್ಯಾಗ ಇತ್ತು. ಸೊಸಿ ಬರ್ಲಿ ತಡೀರಿ ವೈನಿ ಅಂದೆ. ಕೇಳಲಿಲ್ಲ, ಕೋಲ ಕುಟ್ಟಿದ್ರು. ಬಾಯಿಲೆ ಹೇಳಾಕ ಅವ್ರಿಗೆ ಆಗೂದಿಲ್ಲ. ಅದಕ ನಾ ಸಕ್ಕರಿ ಮುಂದ ಹಿಡಿದೆ. ಒಪ್ಪಿಗಿ ಇದ್ರ ತಗೋತಾರ, ಇಲ್ಲಂದ್ರ ಬಿಡ್ತಾರಂತ. ತಗೊಂಡ್ರು. ಒತ್ತಿದೆ. ಹಾಡೆಲ್ಲಾ ಹೋಗ್ಯಾವ."

ಅತ್ತೆಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ನಾನು ಅವರ ಚಹಾಕ್ಕೂ ಸಕ್ಕರೆ ಹಾಕುತ್ತಿರಲಿಲ್ಲ. ಮುಂದೆ ಹಿಡಿದ ಸಕ್ಕರೆಯನ್ನು ಅವರು ಬಿಡುವುದುಂಟೇ? ಯಾವ ಕರಾರು, ಎಂಥ ಒಪ್ಪಿಗೆ! ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. ಫೋನು ತೆಗೆದು ಓದಿದೆ. ಹಳೆಯ ಧ್ವನಿಗಳನ್ನು ಮೊದಲೇ ಬೇರೆ ಕಡೆ ಇಳಿಸಿಕೊಳ್ಳದಿದ್ದರೆ ಅವು ಉಳಿಯುವುದಿಲ್ಲ, ಅದಕ್ಕೆ ನಾವು ಜವಾಬ್ದಾರರಲ್ಲ ಎಂದು ಮಧ್ಯದಲ್ಲೆಲ್ಲೋ ಬರೆದಿತ್ತು. ನಮ್ಮನೆಯವರು ಸಹಾಯವಾಣಿಗೆ ಹಚ್ಚಿದರು. ಒಂದು ಒತ್ತಿ, ಎರಡು ಒತ್ತಿ ಎಂದು ಯಂತ್ರ ಹೇಳುತ್ತಲೇ ಹೋಯಿತು. ಕಾಕಾ ಎಡಗಿವಿಗೆ ಫೋನು ಹಿಡಿದು ಕೊನೆಯವರೆಗೂ ಕೇಳಿದರು. "ಬೈಯಾಕ ಒಂದ ನಂಬರ್ ಇಟ್ಟಿಲ್ಲ ನೋಡು."

"ಹೋಗ್ಲಿ ಬಿಡ್ರಿ ಕಾಕಾ," ಎಂದರು ನಮ್ಮನೆಯವರು. "ನಿಮ್ದೇನ ತಪ್ಪು? ಕಂಪನಿ ಮಾಡಿದ್ದು."

"ಕಂಪನಿ ಅಂದ್ರ ಯಾರಪಾ? ಮುಖಾ ತೋರ್ಸು, ಹೋಗಿ ಕೇಳತೇನಿ. ಈ ಎಲ್ಲಾದರಾಗ ಮುಖಾ ಇದ್ದಾಂವ ನಾ ಒಬ್ಬನ ಅದೇನಿ. ಬೆರಳ ನಂದು."

ಅತ್ತೆಗೆ ಗೊತ್ತಾದದ್ದು ಮರುದಿನ. ಖಾಲಿ ಪಟ್ಟಿಯನ್ನು ಎಡಗೈಯ ಹೆಬ್ಬೆರಳಿನಿಂದ ಒತ್ತಿದರು, ಒತ್ತಿದರು, ಮತ್ತೆ ಒತ್ತಿದರು. ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ತುತ್ತು ಬಾಯಿಗಿಟ್ಟರೆ ಅಲ್ಲೇ ಇಟ್ಟುಕೊಳ್ಳುತ್ತಿದ್ದರು, ನುಂಗುತ್ತಿರಲಿಲ್ಲ. ಕಾಕಾ ಬಂದು ಬಾಗಿಲಲ್ಲಿ ನಿಂತು "ವೈನೀ" ಎಂದರೆ ಸೆರಗು ಮುಖದ ಮೇಲೆಳೆದುಕೊಂಡರು. ಒಮ್ಮೆ ಹೋದ ಮಾತು ಎರಡನೇ ಸಲವೂ ಹೋದಂತಾಗಿತ್ತು ಅವರಿಗೆ.

ಕಾಕಾ ಅಂಗಡಿಗೆ ಮಧ್ಯಾಹ್ನ ಬೀಗ ಹಾಕತೊಡಗಿದರು. ಮದುವೆ ಮನೆ ಅಂದ ಮೇಲೆ ಹತ್ತು ಮಂದಿ ಫೋನು ಹಿಡಿದಿರುತ್ತಾರೆ, ಯಾರಾದರೊಬ್ಬರ ಹತ್ತಿರ ವೈನಿಯ ಹಾಡು ಉಳಿದಿರಲೇಬೇಕು ಎಂಬುದು ಅವರ ಲೆಕ್ಕ. ಅತ್ತೆ ಎಲ್ಲೆಲ್ಲಿ ಹಾಡಿದ್ದರು ಎಂದು ನನ್ನನ್ನು ಕೇಳಿಕೊಂಡು, ಹಳೆಯ ಮೊಪೆಡ್ ಹತ್ತಿ ಹೊರಟರು. ಮಹಾಲಿಂಗಪುರದವರು ಫೋನು ಬದಲಿಸಿದ್ದರು. ರನ್ನ ಬೆಳಗಲಿಯ ಮದುವೆಯ ವಿಡಿಯೋ ಸಿಕ್ಕಿತು. ಖುಷಿಯಿಂದ ತಂದು ಹಚ್ಚಿದರೆ ಅತ್ತೆಯ ದನಿಯ ಮೇಲೆ ವಿಡಿಯೋದವರು ಸಿನಿಮಾ ಹಾಡು ಕೂರಿಸಿದ್ದರು.

"ಬಾಯಿ ವೈನೀದು, ಹಾಡ ಯಾವಾಕೀದೋ," ಎಂದು ಕಾಕಾ ಅದನ್ನು ತಾವೇ ಬಂದ್ ಮಾಡಿದರು. ಅತ್ತೆಗೆ ತೋರಿಸಲಿಲ್ಲ.

ಬಿಸಿಲಲ್ಲಿ ತಿರುಗಿ ಅವರ ಮುಖ ಕಪ್ಪಿಟ್ಟಿತ್ತು. ಅವರ ಮನೆಯಾಕೆ ನಮ್ಮ ಕಟ್ಟೆಗೆ ಬಂದು, "ನೀವರೆ ಸಾಕಂತ ಹೇಳ್ರೆವಾ, ನಿಮ್ಮ ಮಾತ ಕೇಳ್ತಾರ" ಎಂದಳು. ನಾನು ಹೇಳಿದೆ. ಕಾಕಾ ಬಲಗಿವಿ ನನ್ನ ಕಡೆ ಮಾಡಿಕೊಂಡು ನಿಂತರು.

ಕೊನೆಗೆ ಬಾಡಗಂಡಿಯಿಂದ ಬಂದರು. ಅಲ್ಲಿ ಅತ್ತೆಯ ತಂಗಿಯ ಸೊಸೆ ತನ್ನ ಮಗುವಿನ ತೊಟ್ಟಿಲ ದಿನ ಒಂದು ಬಟನ್ ಫೋನಿನಲ್ಲಿ ಹಾಡು ಹಿಡಿದಿದ್ದಳಂತೆ. ಆ ಫೋನು ಸತ್ತು ಜೋಳದ ಡಬ್ಬಿಯ ಹಿಂದೆ ಬಿದ್ದಿತ್ತು. ಬ್ಯಾಟರಿ ಉಬ್ಬಿ ಹಪ್ಪಳದ ಹಾಗಾಗಿತ್ತು. ಕಾಕಾ ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದು, ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಕೂತರು. ಎದ್ದಾಗ ಅವರ ಹತ್ತಿರ ಒಂದೇ ಒಂದು ಹಾಡಿತ್ತು. ಅದನ್ನು ನಮ್ಮ ಫೋನಿಗೂ, ನಮ್ಮನೆಯವರ ಫೋನಿಗೂ, ಮಗಳ ಫೋನಿಗೂ, ತಮ್ಮದಕ್ಕೂ ಹಾಕಿದರು. ಯಾರ ಕಪಾಟನ್ನೂ ಅವರು ನಂಬಲಿಲ್ಲ.

ಅದು ಸ್ವಚ್ಛವಾದ ಹಾಡಲ್ಲ. ಹಿಂದೆ ಕೂಸು ಅಳುತ್ತದೆ. ಕೊನೆಯ ನುಡಿಗೆ ಬರುವಷ್ಟರಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತದೆ. ಅತ್ತೆ ಹಾಡು ನಿಲ್ಲಿಸಿ, "ಏ, ಒಲಿ ಸಣ್ಣ ಮಾಡ್ರೇ! ಎಲ್ಲಾರೂ ಇಲ್ಲೆ ಬಂದ ಕುಂತೀರಿ, ಅನ್ನ ಹೊತ್ತೀತು!" ಎಂದು ಬೈಯುತ್ತಾರೆ. ಅಲ್ಲಿಗೆ ಮುಗಿಯುತ್ತದೆ.

ಕಾಕಾ ಅತ್ತೆಯ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ಅತ್ತೆ ಗೋಡೆಯ ಕಡೆಯೇ ಇದ್ದರು.

"ವೈನಿ, ಹಾಡ ಒಂದ ಸಿಕ್ಕೇತಿ. ಅದರಾಗ ಸೀಟಿ ಐತಿ, ನೀವು ಬೈದದ್ದ ಐತಿ. ಬ್ಯಾಡಂದ್ರ ಅದಷ್ಟು ಕತ್ತರಿಸಿ ಕೊಡ್ತಾರಂತ, ಬಸ್‌ಸ್ಟ್ಯಾಂಡ್ ಕಡಿ ಹುಡುಗ್ರು. ನಾ ಮುಟ್ಟಿಲ್ಲ. ಮೊದಲ ಕೇಳ್ರಿ." ಆಮೇಲೆ ಆ ಬೆರಳನ್ನು ಎತ್ತಿದರು. "ಒತ್ತಲೇನ್ರಿ?"

ಈ ಸಲ ಸಕ್ಕರೆ ತಂದಿರಲಿಲ್ಲ. ಸುಮ್ಮನೆ ಬೆರಳೆತ್ತಿ ಕೂತರು. ಫೋನಿನ ಬೆಳಕು ಆರಿತು; ಅವರು ಮತ್ತೆ ಹಚ್ಚಿಕೊಂಡು ಕೂತರು. ಸಾಕಷ್ಟು ಹೊತ್ತಿನ ಮೇಲೆ ಅತ್ತೆ ಮಗ್ಗುಲಾದರು. ಕಾಕಾರ ಮುಖ ನೋಡಿದರು, ಬೆರಳು ನೋಡಿದರು. ಎಡಗೈ ಚಾಚಿ, ಬಾಗದ ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದು, ತಾವೇ ಕೆಳಗೆ ತಂದು ಒತ್ತಿದರು.

ಹಾಡಿನುದ್ದಕ್ಕೂ ಅವರು ಅದನ್ನು ಬಿಡಲಿಲ್ಲ. 'ಒಲಿ ಸಣ್ಣ ಮಾಡ್ರೇ' ಎಂಬಲ್ಲಿಗೆ ಬಂದಾಗ ಮಾತ್ರ ಅತ್ತೆಯ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ಹಾಡು ಅವರಿಗೆ ಮೊದಲೂ ಇತ್ತು. ಬೈಗುಳ ಸಿಕ್ಕದ್ದು ಅವತ್ತೇ. ಕತ್ತರಿಸುವ ಮಾತನ್ನು ಕಾಕಾ ಮತ್ತೆ ಎತ್ತಲಿಲ್ಲ. ಆ ರಾತ್ರಿ ಅತ್ತೆ ಎರಡು ರೊಟ್ಟಿ ತಿಂದರು.

ಅಲ್ಲಿಂದ ಮುಂದೆ ಸಂಜೆ ಮತ್ತೆ ಕಿಟಕಿಯ ಹತ್ತಿರ ಆ ಒಂದೇ ಹಾಡು. ನನಗೆ ಆ ಹೊತ್ತು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಕೆಲಸ. ಅತ್ತೆಗೆ ದನಿ ಎಷ್ಟಿಟ್ಟರೂ ಸಾಲದು. ಕೋಲಿನಿಂದ ನೆಲ ಕುಟ್ಟಿ, ಇನ್ನೂ ಜೋರು, ಇನ್ನೂ ಜೋರು ಎಂದು ಕೈ ಮಾಡುತ್ತಿದ್ದರು. ಮಗಳು ಅದಕ್ಕಾಗಿ ಒಂದು ಸಣ್ಣ ಸ್ಪೀಕರ್ ತಂದುಕೊಟ್ಟಳು. ವಯಸ್ಸಾಯಿತು, ಕಿವಿಯೂ ಮಂದವಾಯಿತು ಅಂದುಕೊಂಡೆವು. ಆದರೆ ನಾನು ಒಳಗೆ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದರೆ ಮಾತ್ರ ಅವರ ಕುತ್ತಿಗೆ ಥಟ್ಟನೆ ಇತ್ತ ತಿರುಗುತ್ತಿತ್ತು. ಬಾಜು ಮನೆಯ ಅಕ್ಕ ಆಗಾಗ ಗೊಣಗುತ್ತಿದ್ದಳು. "ದಿನಾ ಅದ ಕುಕ್ಕರಿನ ಸೀಟಿ. ನಾ ನಮ್ಮ ಒಲಿ ಆರಿಸೇ ಬಿಡ್ತೇನಿ ಒಮ್ಮೊಮ್ಮಿ."

ಕಾಕಾ ಹೋದ ದಿನ ಹೊತ್ತು ಮುಳುಗುವ ಮೊದಲೇ ಎಲ್ಲರೂ ಮಣ್ಣಿಗೆ ಹೋಗಿ ಬಂದರು. ಸ್ನಾನ ಮಾಡಿ ದೀಪ ಹಚ್ಚಿ ಬರುವಷ್ಟರಲ್ಲಿ ಅತ್ತೆ ಕಿಟಕಿಯ ಹತ್ತಿರ ಕೂತು ಸ್ಪೀಕರಿನ ಕಡೆ ಕೈ ತೋರಿಸುತ್ತಿದ್ದರು. ಇವತ್ತು ಬೇಡ, ಎದುರಿಗೇ ಸಾವಿನ ಮನೆ ಎಂದೆ. ಕೋಲು ಕುಟ್ಟಿದರು. ಸಣ್ಣದಾಗಿ ಹಚ್ಚಿಕೊಟ್ಟೆ. ತಾವೇ ಗುಂಡಿ ತಿರುವಿ ಪೂರ್ತಿ ಜೋರು ಮಾಡಿದರು. ಎದುರು ಶಟರ್ ಅರ್ಧಕ್ಕೆ ಇಳಿದಿತ್ತು. ಒಳಗೆ ಗಲ್ಲೆಯ ಮೇಲೆ ಬೆಳಿಗ್ಗೆ ಕೊಟ್ಟ ನಮ್ಮ ಬಟ್ಟಲು ಕಾಣುತ್ತಿತ್ತು.

ನನಗೆ ಮುಜುಗರವಾಗಿ ಹೊರಗೆ ಬಂದೆ. ಬಾಜು ಮನೆಯ ಅಕ್ಕ ತನ್ನ ಕಟ್ಟೆಯ ಮೇಲೆ ಒದ್ದೆ ಕೂದಲು ಹರವಿಕೊಂಡು ಕೂತಿದ್ದಳು.

"ತಪ್ಪ ತಿಳೀಬ್ಯಾಡ್ರಿ ಅಕ್ಕಾ. ಎಷ್ಟ ಹೇಳಿದ್ರೂ ಕೇಳವಲ್ರು."

"ಹಚ್ಚಲಿ ಬಿಡವಾ. ಮಿಸ್ತ್ರಿನೂ ದಿನಾ ಈ ಹೊತ್ತಿಗೆ ಅಂಗಡಿ ಬಿಟ್ಟು ಬಂದು ನಿಮ್ಮ ಕಿಡಕಿ ಕೆಳಗ ನಿಲ್ತಿದ್ದ. ಎಡಗಿವಿ ಮ್ಯಾಲ ಮಾಡಿ. ಒಳಗ ನಿಮ್ಮತ್ತಿ, ಹೊರಗ ಅಂವ. ಒಲಿ ಸಣ್ಣ ಮಾಡ್ರಿ ಅಂತ ಬೈಯೂತನಾ ನಿಂತು, ಆಮ್ಯಾಲ ಹೋಗಿ ಶಟರ್ ಎಳೀತಿದ್ದ. ಏನೋ ಮಿಸ್ತ್ರಿ, ದಿನಾ ಅದ ಹಾಡ ಏನ್ ಕೇಳ್ತೀ ಅಂದ್ರ, ಐತ್ಯೋ ಇಲ್ಲೋ ನೋಡಾಕ ಬಂದೆ ಅಂತಿದ್ದ."

ಕುಕ್ಕರ್ ಸೀಟಿ ಹೊಡೆಯಿತು. ಅತ್ತೆ ಬೈದರು. ಹಾಡು ನಿಂತಿತು. ಅಕ್ಕ ಕೂದಲನ್ನು ಗಂಟು ಹಾಕಿಕೊಳ್ಳುತ್ತ ಎದ್ದು, ಒಳಗೆ ಹೋಗುವವಳು ಹೊಸ್ತಿಲ ಮೇಲೆ ತಿರುಗಿದಳು.

"ನಾಳಿಂದ ಸಣ್ಣಗ ಹಚ್ಚಂತ ಹೇಳ ನಿಮ್ಮತ್ತಿಗೆ. ಆ ಕಿವುಡ ಹ್ವಾದ, ಇನ್ನ ಯಾರಿಗೆ ಕೇಳಬೇಕಂತ ಅಷ್ಟ ಜೋರು?"